ಕಸ್ತೂರಿಯ ಥೀಮು, ನನ್ನ ಬ್ಲಾಗು

ನನ್ನ ಬ್ಲಾಗಿನ ನೆತ್ತಿಯ ಮೇಲೆ ಬೂದು ಬಣ್ಣದ ದೊಡ್ಡದೊಂದು ಚೌಕ ಬಂದು ಕೂತಿತ್ತು. ಅದನ್ನು ಎಬ್ಬಿಸಲು ನಾನು ಪಡಬಾರದ ಪಾಡು ಪಟ್ಟೆ. ಬೈದೆ, ಬೇಡಿಕೊಂಡೆ, ಲ್ಯಾಪ್‌ಟಾಪನ್ನು ಆರಿಸಿ ಮತ್ತೆ ಹಚ್ಚಿದೆ. ಜಪ್ಪಯ್ಯ ಅಂದರೂ ಅದು ಕದಲಲಿಲ್ಲ. ಚೌಕವೆಂದರೆ ಬರೀ ಚೌಕವಲ್ಲ, ನಡುವೆ ಒಂದು ಗುಡ್ಡ, ಗುಡ್ಡದ ಮೇಲೊಂದು ಸೂರ್ಯನ ಗುರುತು. ಇಲ್ಲಿ ಚಿತ್ರ ಇರಬೇಕಾಗಿತ್ತು, ಇಲ್ಲ ಎಂದು ಅದರ ಅರ್ಥವಂತೆ. ನಾನು ಇರುವುದು ಶಹಾಪುರದಲ್ಲಿ. ಬುದ್ಧ ಮಲಗಿದಂಥ ಗುಡ್ಡ ನಮ್ಮ ಮಾಳಿಗೆ ಹತ್ತಿದರೆ ಕಾಣುತ್ತದೆ. ಗುಡ್ಡದ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ನನ್ನ ಬ್ಲಾಗಿನಲ್ಲಿ ಈ ಬೂದು ಗುಡ್ಡ ಇರುವ ಜಾಗದಲ್ಲೇ, ಸುರಪುರದ ಕಸ್ತೂರಿಯ ಬ್ಲಾಗಿನಲ್ಲಿ ಎಂಥ ಚಂದದ ಫೋಟೊ ಇದೆ ಎಂಬುದನ್ನು ನೀವು ನೋಡಿದ್ದರೆ ನನ್ನ ಹೊಟ್ಟೆಯ ಉರಿ ನಿಮಗೂ ತಗಲುತ್ತಿತ್ತು.

ಥೀಮು ಎಂದರೇನು ಎನ್ನುವವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಬ್ಲಾಗಿನಲ್ಲಿ ಬರೆಯುವವರು ನಾವು, ಅದು ಹೇಗೆ ಕಾಣಬೇಕು ಎನ್ನುವುದು ಥೀಮಿಗೆ ಬಿಟ್ಟದ್ದು. ಅಕ್ಷರ ಎಷ್ಟು ದಪ್ಪ, ಚಿತ್ರ ಎಲ್ಲಿ, ಮೆನು ಯಾವ ಮೂಲೆಯಲ್ಲಿ ಎಂಬುದನ್ನೆಲ್ಲ ಯಾರೋ ಪುಣ್ಯಾತ್ಮರು ಮೊದಲೇ ಹೊಂದಿಸಿ ಇಟ್ಟಿರುತ್ತಾರೆ. ನಾವು ಒಂದು ಗುಂಡಿ ಒತ್ತಿದರೆ ಸಾಕು, ನಮ್ಮ ಬ್ಲಾಗು ಅದನ್ನು ತೊಟ್ಟುಕೊಳ್ಳುತ್ತದೆ. ಒತ್ತುವ ಮೊದಲು ಒಂದು ಮಾದರಿಯನ್ನೂ ತೋರಿಸುತ್ತಾರೆ. ಆ ಮಾದರಿಗೆ ಮರುಳಾಗಿ ನಾವು ಒತ್ತುತ್ತೇವೆ. ಒತ್ತಿದ ಮೇಲೆ ಅದು ಬೇರೆ, ಇದು ಬೇರೆ. ಹೆಣ್ಣು ತೋರಿಸುವಾಗ ಅಕ್ಕನನ್ನು ತೋರಿಸಿ ಹಂದರದಲ್ಲಿ ತಂಗಿಯನ್ನು ಕೂರಿಸಿದರು ಎಂದು ನಮ್ಮ ಕಡೆ ಹಳಬರು ಕಥೆ ಹೇಳುತ್ತಾರಲ್ಲ, ಹಾಗೆ.

ನಾನು ಶಿರವಾಳದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಬರೆಯುವ ಚಟ ಮೊದಲಿನಿಂದ ಇದೆ. ‘ಕಾಲುವೆ ದಂಡೆ’ ಎಂದು ಹೆಸರಿಟ್ಟು ಬ್ಲಾಗು ತೆರೆದು ಬಹಳ ವರ್ಷವಾಯಿತು. ‘ಶಿರವಾಳದ ಗುಡಿಗಳು: ಒಂದು ಅವಲೋಕನ’ ಎಂಬ ಲೇಖನವನ್ನು ಬೇಸಿಗೆ ರಜೆ ಪೂರ್ತಿ ಕೂತು ಬರೆದೆ. ಅದನ್ನು ನಾನು ಓದಿದ್ದೇನೆ, ನಮ್ಮ ಮನೆಯವರು ಓದಿದ್ದೇನೆ ಎಂದು ಹೇಳಿದ್ದಾರೆ. ಕಸ್ತೂರಿಯ ಬ್ಲಾಗಿನ ಹೆಸರು ‘ಕಸ್ತೂರಿ ಅಂಗಳ’. ಹೆಸರಿನಲ್ಲೂ ತಾನೇ ಇದ್ದಾಳೆ ನೋಡಿ. ಅವಳು ಬರೆಯುವುದು ನಾಲ್ಕು ಸಾಲು. ‘ಇವತ್ತು ಪುಂಡಿಪಲ್ಯ ಮಾಡಿದೆ. ಅವ್ವ ನೆನಪಾದಳು.’ ಮುಗಿಯಿತು. ಅದರ ಕೆಳಗೆ ಜನ ಸಂತೆಯ ಹಾಗೆ ಸೇರುತ್ತಾರೆ. ‘ಅಕ್ಕಾರ, ಕಣ್ಣಾಗ ನೀರು ಬಂತ್ರಿ’ ಎನ್ನುತ್ತಾರೆ. ಪುಂಡಿಪಲ್ಯಕ್ಕೆ ಯಾಕೆ ಕಣ್ಣೀರು ಬರುತ್ತದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಹೊಟ್ಟೆಕಿಚ್ಚು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಯಾರನ್ನು ಮೆಚ್ಚಿಸಬೇಕಾಗಿದೆ? ಈ ಕಿಚ್ಚಿಗೆ ಈಗಿನ ವಯಸ್ಸಲ್ಲ. ನಾರಾಯಣಪುರದ ಕ್ವಾರ್ಟರ್ಸಿನಲ್ಲಿ ಹೊತ್ತಿಕೊಂಡಿದ್ದು ಇನ್ನೂ ಆರಿಲ್ಲ.

ನಮ್ಮಪ್ಪ ನೀರಾವರಿಯಲ್ಲಿ ಕೆಲಸಕ್ಕಿದ್ದ. ಡ್ಯಾಮಿನ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ನೋಡುವ ಕೆಲಸ. ಕಸ್ತೂರಿಯ ಅಪ್ಪ ಅಲ್ಲೇ ಜೀಪು ನಡೆಸುತ್ತಿದ್ದ. ನಮ್ಮ ಎರಡೂ ಮನೆ ಗೋಡೆಗೆ ಗೋಡೆ. ಆ ಸಾಲಿನ ಮನೆಗಳೆಲ್ಲ ಒಂದೇ ಅಚ್ಚಿನವು. ಅದೇ ಹಳದಿ ಸುಣ್ಣ, ಅದೇ ಹಸಿರು ಬಾಗಿಲು, ಅದೇ ಎರಡು ಖೋಲಿ, ಹಿತ್ತಲಲ್ಲಿ ಅದೇ ಸಿಮೆಂಟಿನ ತೊಟ್ಟಿ. ಕತ್ತಲಲ್ಲಿ ಡ್ಯೂಟಿಯಿಂದ ಬಂದ ಗಂಡಸರು ಬೇರೆಯವರ ಬಾಗಿಲು ಬಡಿದು ಬೈಸಿಕೊಂಡದ್ದುಂಟು. ಹಾಗಿದ್ದೂ ಕಸ್ತೂರಿಯ ಮನೆ ಮನೆಯ ಹಾಗೆ ಕಾಣುತ್ತಿತ್ತು, ನಮ್ಮದು ಕ್ವಾರ್ಟರ್ಸಿನ ಹಾಗೆ ಕಾಣುತ್ತಿತ್ತು. ಅವರ ಕಿಟಕಿಗೆ ಹಳೇ ಇಳಕಲ್ ಸೀರೆಯ ಪರದೆ. ನಾನು ಅವ್ವನ ಬೆನ್ನು ಹತ್ತಿ ನಮ್ಮ ಕಿಟಕಿಗೂ ಒಂದು ಹಳೇ ಸೀರೆ ಕಟ್ಟಿಸಿದೆ. ಅದನ್ನು ನೋಡಿದ ಅಪ್ಪ ‘ಅರಿವಿ ಒಣಗಾಕ ಹಿತ್ತಲದಾಗ ಜಾಗಾ ಇಲ್ಲೇನು?’ ಎಂದು ಕೇಳಿದ. ಅವರ ಮನೆಯ ಮೆಟ್ಟಿಲ ಪಕ್ಕ ಕಾಗದದ ಹೂವಿನ ಬಳ್ಳಿ ಗುಲಾಬಿ ಬಣ್ಣದಲ್ಲಿ ಸುರಿಯುತ್ತಿತ್ತು. ಅದರದೇ ಕಡ್ಡಿ ಕದ್ದು ತಂದು ನಾನು ನಮ್ಮ ಮೆಟ್ಟಿಲ ಪಕ್ಕ ನೆಟ್ಟೆ. ಮುಳ್ಳು ಬಂತು, ಹೂವು ಬರಲಿಲ್ಲ.

ಎಲ್ಲಕ್ಕೂ ದೊಡ್ಡ ಉರಿ ಎಂದರೆ ಕ್ಯಾಮೆರಾ. ಇಡೀ ಸಾಲಿಗೆ ಅದು ಇದ್ದದ್ದು ಕಸ್ತೂರಿಯ ಅಪ್ಪನ ಹತ್ತಿರ ಮಾತ್ರ. ಸಾಹೇಬರನ್ನು ಹೈದರಾಬಾದಿಗೆ ಕರೆದೊಯ್ದಾಗ ಅಲ್ಲಿ ಯಾರಿಂದಲೋ ಕೊಂಡು ತಂದಿದ್ದ. ಹಬ್ಬ ಬಂತೆಂದರೆ ಕಸ್ತೂರಿ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದಳು, ಅವಳಪ್ಪ ಒಂದು ಕಣ್ಣು ಮುಚ್ಚುತ್ತಿದ್ದ. ನಮ್ಮನ್ನೂ ಕರೆಯುತ್ತಿದ್ದರು, ಇಲ್ಲವೆನ್ನುವುದಿಲ್ಲ. ನಾನೇ ಹೋಗುತ್ತಿರಲಿಲ್ಲ. ಅವರ ಕ್ಯಾಮೆರಾದೊಳಗೆ ನಾನು ಯಾಕೆ ಹೋಗಿ ಕೂರಲಿ?

ಒಂದು ಸಲದ ಪಂಚಮಿಯಂತೂ ಮರೆತಿಲ್ಲ. ನಾಗಪಂಚಮಿಯ ಮುಂಚೆ ಬರುವ ರೊಟ್ಟಿ ಹಬ್ಬ ನಿಮಗೆ ಗೊತ್ತೇ ಇದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಒಣಗಿ ಕಟಿಯಾದ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ ಎಲ್ಲವನ್ನೂ ತಾಟಿನಲ್ಲಿ ಹೊಂದಿಸಿ, ಮೇಲೆ ಬಟ್ಟೆ ಮುಚ್ಚಿ ಮನೆಮನೆಗೆ ಕೊಟ್ಟು ಬರಬೇಕು. ಅವರ ತಾಟು ನಮಗೆ, ನಮ್ಮ ತಾಟು ಅವರಿಗೆ. ತಾಟು ಹೊರುವ ಕೆಲಸ ಯಾವಾಗಲೂ ನನ್ನದು. ಆ ವರ್ಷ ಕಸ್ತೂರಿಗೆ ಹೈದರಾಬಾದಿನಿಂದ ಹಳದಿ ಫ್ರಾಕು ಬಂದಿತ್ತು. ಕೊರಳಿಗೆ ಬಿಳಿ ಝಾಲರು, ಸೊಂಟಕ್ಕೆ ದೊಡ್ಡ ಗಂಟು. ಅದನ್ನು ತೊಟ್ಟು ಅಂಗಳದಲ್ಲಿ ಗಿರಗಿರ ತಿರುಗುತ್ತಿದ್ದಳು. ಅದನ್ನು ಕಿಟಕಿಯಲ್ಲಿ ಕಂಡವಳೇ ನಾನು ಎಲ್ಲ ಮನೆಗೂ ರೊಟ್ಟಿ ಕೊಟ್ಟು ಬರುತ್ತೇನೆ, ಅವರ ಮನೆಗೆ ಮಾತ್ರ ಹೋಗುವುದಿಲ್ಲ ಎಂದು ಹಠ ಹಿಡಿದು ಜೋಳದ ಚೀಲದ ಹಿಂದೆ ಹೋಗಿ ಕೂತುಬಿಟ್ಟೆ. ಅವ್ವ ಕರೆದಳು, ಗದರಿದಳು, ಕೊನೆಗೆ ‘ಕುಂದ್ರು ಹಂಗಾರ, ಇಲಿ ಬರ್ತಾವ’ ಎಂದು ಹೇಳಿ ತಾನೇ ತಾಟು ಎತ್ತಿಕೊಂಡು ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಮುಖ ಗೆಲುವಾಗಿತ್ತು. ನನಗೆ ಅದಕ್ಕೂ ಸಿಟ್ಟು ಬಂತು.

ಈಗ ಬ್ಲಾಗಿಗೆ ಬರುತ್ತೇನೆ. ಕ್ವಾರ್ಟರ್ಸಿನಲ್ಲಿ ಬೆಳೆದ ನಾವೆಲ್ಲ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಯಾದಗಿರಿ, ಶಹಾಪುರ, ಸುರಪುರ ಎಂದು ಎಲ್ಲ ಕಡೆಯವರೂ ಇದ್ದಾರೆ. ಅಲ್ಲಿ ಯಾರೋ ನಮ್ಮ ಡ್ಯಾಮಿನ ಹಳೆಯ ನೆನಪುಗಳನ್ನೆಲ್ಲ ಒಂದು ಕಡೆ ಬರೆದಿಡೋಣ ಎಂದರು. ‘ಹೊಸಾದ ಯಾಕ್ರಿ? ನಮ್ಮವರದ ಎರಡು ಬ್ಲಾಗು ಅದಾವ. ಒಂದು ಮಾದೇವಿದು, ಒಂದು ಕಸ್ತೂರಿದು. ಎರಡೂ ನೋಡಿ, ಯಾವುದು ಛಲೋ ಅದ ಅದರಾಗ ಬರೆಯೋಣು. ಪಂಚಮಿಯೊಳಗ ಹೇಳಿಬಿಡ್ರಿ’ ಎಂದು ಇನ್ನೊಬ್ಬರು. ಮಾದೇವಿ ಎಂದರೆ ನಾನು. ಓದಿದವಳು ನಾನು, ಬರೆಯುವವಳು ನಾನು, ಕ್ವಾರ್ಟರ್ಸಿನ ಪ್ರತಿ ಬೇವಿನ ಮರದ ಮೇಲೂ ಒಂದೊಂದು ಪ್ರಬಂಧ ಬರೆದವಳು ನಾನು. ಆದರೆ ಗುಂಪಿನಲ್ಲಿ ಬರುತ್ತಿದ್ದ ಮಾತುಗಳು ‘ಕಸ್ತೂರಿದು ಏನ್ ಚಂದ ಕಾಣ್ತದ್ರಿ’, ‘ಮಾದೇವಿದು ಓದಾಕ ಚಸ್ಮಾ ಬೇಕು ನೋಡ್ರಿ’ ಇಂಥವು. ನಮ್ಮ ಬಾಲ್ಯವೆಲ್ಲ ಅವಳ ಅಂಗಳಕ್ಕೆ ಹೋಗಿ ಸೇರುವುದು ನನಗೆ ಸಹಿಸದ ಮಾತಾಯಿತು. ಬರಹದಲ್ಲಿ ಸೋತರೆ ಸೋತೆ, ಕಾಣುವುದರಲ್ಲಿ ಸೋಲಬೇಕೇ?

ಕಸ್ತೂರಿಯ ಬ್ಲಾಗನ್ನು ನಾನು ಯಾವಾಗಲೂ ಫೋನಿನಲ್ಲೇ ನೋಡುತ್ತಿದ್ದೆ. ಲ್ಯಾಪ್‌ಟಾಪು ಪಡಸಾಲೆಯಲ್ಲಿರುತ್ತದೆ, ಅಲ್ಲಿ ನಮ್ಮ ಮನೆಯವರು ಕೂತಿರುತ್ತಾರೆ. ಇಂಥ ಕೆಲಸಕ್ಕೆ ಫೋನೇ ಅನುಕೂಲ, ಸೆರಗಿನ ಮರೆಯಲ್ಲಿ ಹಿಡಿದು ನೋಡಬಹುದು. ಹಾಗೆ ನೋಡುತ್ತ ಪುಟದ ತಳಕ್ಕೆ ಇಳಿದಾಗ ಸಣ್ಣ ಅಕ್ಷರದಲ್ಲಿ ಥೀಮಿನ ಹೆಸರು ಸಿಕ್ಕಿತು. ದುಡ್ಡಿಲ್ಲದೆ ಸಿಗುವ ಥೀಮು. ನನಗೆ ಅವಳ ಪೆಟ್ಟಿಗೆಯ ಬೀಗದ ಕೈ ಸಿಕ್ಕಷ್ಟು ಸಂತೋಷವಾಯಿತು. ಭಾನುವಾರ ಸ್ನಾನ ಮಾಡಿ, ದೀಪ ಹಚ್ಚಿ, ಗುಂಡಿ ಒತ್ತಿದೆ.

ಬ್ಲಾಗು ತೆರೆದು ನೋಡಿದೆ. ಮೆನು ಇಲ್ಲ. ಲೇಖನಗಳೆಲ್ಲ ಹೆದರಿದ ಕೋಳಿಮರಿಗಳ ಹಾಗೆ ಕೆಳಗಿನ ಒಂದು ಮೂಲೆಯಲ್ಲಿ ಸೇರಿವೆ. ತಲೆಬರಹಗಳ ಒತ್ತಕ್ಷರಗಳೆಲ್ಲ ಕತ್ತರಿಸಿ ಹೋಗಿವೆ, ಆ ಥೀಮು ಮಾಡಿದವರಿಗೆ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ನೇತಾಡುವ ಭಾಷೆಯೊಂದಿದೆ ಎಂದು ಗೊತ್ತಿರಲಿಕ್ಕಿಲ್ಲ. ಎಲ್ಲದರ ಮೇಲೆ ಆ ಬೂದು ಚೌಕ.

‘ಏನಾತು?’ ಎಂದರು ನಮ್ಮ ಮನೆಯವರು, ಪೇಪರಿನಿಂದ ತಲೆ ಎತ್ತದೆ. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಏನು ಕೆಟ್ಟರೂ ನಾಳೆ ಸರಿಯಾಗುತ್ತದೆ ಎಂಬುದು ಅವರ ಧರ್ಮ.

‘ಥೀಮು ಹಾಕಿದೆರಿ. ಬರೋಬ್ಬರಿ ಕೂಡವಲ್ದು.’

‘ಕಸ್ತೂರಿದು ಹೆಂಗ ಕೂಡೇದ?’

ಅವಳ ಹೆಸರನ್ನು ನಾನು ಎತ್ತಿಯೇ ಇರಲಿಲ್ಲ. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಮೇಲೆ ಗಂಡಸರಿಗೆ ಇಂಥದ್ದಷ್ಟೇ ಸರಿಯಾಗಿ ಗೊತ್ತಾಗುತ್ತದೆ.

ಥೀಮಿನವರದು ಒಂದು ಚಾವಡಿ ಇದೆ. ಕೆಟ್ಟವರೆಲ್ಲ ಅಲ್ಲಿ ಹೋಗಿ ತಮ್ಮ ಗೋಳು ತೋಡಿಕೊಳ್ಳುತ್ತಾರೆ, ತಿಳಿದವರು ಉತ್ತರ ಬರೆಯುತ್ತಾರೆ. ನಾನೂ ಬರೆದೆ. ‘ಕ್ಯಾಶ್ ತೆಗೆದುಹಾಕಿದಿರಾ?’ ಎಂದು ಯಾರೋ ಕೇಳಿದರು. ಬ್ರೌಸರು ಹಳೆಯ ಪುಟವನ್ನೇ ನೆನಪಿಟ್ಟುಕೊಂಡು ಅದನ್ನೇ ತೋರಿಸುತ್ತಿರುತ್ತದಂತೆ, ಆ ನೆನಪನ್ನು ಒರೆಸಿದರೆ ಹೊಸದು ಕಾಣುತ್ತದಂತೆ. ಒರೆಸಿದೆ. ನನ್ನ ಬ್ಯಾಂಕಿನ ಪಾಸ್‌ವರ್ಡು, ಶಾಲೆಯ ಹಾಜರಾತಿಯ ಪಾಸ್‌ವರ್ಡು ಎಲ್ಲ ಒರೆಸಿ ಹೋದವು, ಬೂದು ಚೌಕ ಇತ್ತು. ಇನ್ನೊಬ್ಬರು ಮೆನು ಮಾಡಿದರೆ ಸಾಲದು, ಅದು ಎಲ್ಲಿ ಕೂರಬೇಕು ಎಂದೂ ಹೇಳಬೇಕು ಎಂದರು. ಹೇಳಿದೆ, ಕೂತಿತು. ಸಾಲುಗಳ ನಡುವೆ ಜಾಗ ಹೆಚ್ಚಿಸುವ ಕಡೆ ಹುಡುಕಿ ಹೆಚ್ಚಿಸಿದೆ, ಒತ್ತಕ್ಷರಗಳು ಮರಳಿ ಬಂದವು. ಆ ಸಂಜೆ ನಾನು ಚಹಾ ಕುಡಿಯುತ್ತ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ. ಮೂರನೆಯ ಪುಣ್ಯಾತ್ಮ ಬಂದು ‘ಮಾದರಿಯ ಹಾಗೆಯೇ ಕಾಣಬೇಕಾದರೆ ಡೆಮೊ ಇಳಿಸಿಕೊಳ್ಳಿ’ ಎಂದು ಬರೆಯುವವರೆಗೂ ನನ್ನ ಬುದ್ಧಿ ನೆಟ್ಟಗಿತ್ತು.

ಡೆಮೊ ಎಂಬ ಗುಂಡಿ ನಿಜವಾಗಿಯೂ ಇತ್ತು. ಒತ್ತಿದೆ. ಗೆರೆಯೊಂದು ಮೆಲ್ಲಗೆ ತುಂಬತೊಡಗಿತು, ಅರ್ಧದಲ್ಲಿ ಕರೆಂಟು ಹೋಗಿ ನೆಟ್ಟೂ ಹೋಯಿತು. ಆಗುವಷ್ಟು ಆಗಲಿ ಎಂದು ಲ್ಯಾಪ್‌ಟಾಪು ಮುಚ್ಚಿ ಮರುದಿನ ಶಾಲೆಗೆ ಹೋದೆ. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಯಾದಗಿರಿಯಿಂದ ಚಿಗವ್ವನ ಫೋನು ಬಂತು. ಚಿಗವ್ವ ಎಂದರೆ ನಮ್ಮವ್ವನ ತಂಗಿ. ಅಮಾವಾಸ್ಯೆಗೆ ತಪ್ಪದೆ ಅಬ್ಬೆತುಮಕೂರಿನ ಮಠಕ್ಕೆ ಹೋಗುವವಳು, ಅಷ್ಟೇ ತಪ್ಪದೆ ಎಲ್ಲರ ಮನೆಯ ಸುದ್ದಿ ಕೇಳುವವಳು.

‘ಮಾದೇವಿ, ಯಾರವ್ವಾ ಆಕಿ?’

‘ಯಾರು ಚಿಗವ್ವ?’

‘ಅದೇ, ನಿನ್ನ ಬ್ಲಾಗಿನ್ಯಾಗ ಕುಂತಾಳಲ್ಲ, ಕೆಂಪು ಕೂದಲಾಕಿ. ಮಡಲಾಗ ಬೆಕ್ಕು ಇಟ್ಕೊಂಡಾಳ. ಕಲಬುರ್ಗ್ಯಾಗ ಓದಾಕ ಬಿಟ್ಟ ನಿನ್ನ ಮಗ ಯಾರನ್ನರ ಗಂಟು ಹಾಕ್ಕೊಂಡಾನೇನು? ಖರೇ ಹೇಳು. ನಾವೇನು ಬ್ಯಾಡ ಅಂತೀವೇನು? ಒಂದು ಮಾತು ಹೇಳಬಾರ್ದಾ?’

ಶಾಲೆಯ ಬೇವಿನ ಮರದ ಕೆಳಗೆ ನಿಂತು ಫೋನಿನಲ್ಲಿ ನನ್ನದೇ ಬ್ಲಾಗು ತೆರೆದೆ. ‘ಕಾಲುವೆ ದಂಡೆ’ ಎಂಬ ಹೆಸರಿನ ಕೆಳಗೆ ಒಬ್ಬ ಪರದೇಶದ ಹುಡುಗಿ ಕೂತಿದ್ದಳು. ‘ನಮಸ್ಕಾರ, ನಾನು ಸೋಫಿ. ಬೆಕ್ಕು ಮತ್ತು ಕೇಕು ಎಂದರೆ ನನಗೆ ಪ್ರಾಣ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಶಿರವಾಳದ ಗುಡಿಗಳ ಮೇಲೆ ಸ್ಟ್ರಾಬೆರಿ ಕೇಕು, ಕೆಳಗೆ ಸಮುದ್ರದ ದಂಡೆಯಲ್ಲಿ ಎರಡು ಚಪ್ಪಲಿ. ಮಾದರಿಯನ್ನು ತುಂಬಿದ್ದ ಬರಹ, ಫೋಟೊ ಎಲ್ಲವೂ ಗಾಡಿಯ ಮೇಲೆ ಹೇರಿಕೊಂಡು ನನ್ನ ಮನೆಗೆ ಬಾಡಿಗೆಗೆ ಬಂದುಬಿಟ್ಟಿದ್ದವು. ಗುಂಪಿನಲ್ಲಿ ಆಗಲೇ ‘ಮಾದೇವಿ ಟೀಚರ್, ಕೇಕು ಯಾವಾಗ ಕೊಡ್ತೀರಿ?’ ಎಂದು ಶುರುವಾಗಿತ್ತು. ಕಸ್ತೂರಿ ಮಾತ್ರ ಏನೂ ಬರೆದಿರಲಿಲ್ಲ. ನಕ್ಕಿದ್ದರೂ ತಡೆದುಕೊಳ್ಳುತ್ತಿದ್ದೆ, ಸುಮ್ಮನಿದ್ದದ್ದು ಇನ್ನೂ ಚುಚ್ಚಿತು. ಸೋಫಿಯನ್ನು, ಬೆಕ್ಕನ್ನು, ಕೇಕುಗಳನ್ನು ಒಂದೊಂದಾಗಿ ಹೊರಗೆ ಹಾಕಲು ಆ ವಾರವೆಲ್ಲ ಹಿಡಿಯಿತು. ಅವರು ಹೋದ ಮೇಲೆ ಆ ಜಾಗದಲ್ಲಿ ಮತ್ತೆ ಅದೇ ಬೂದು ಚೌಕ.

ಆಗ ನನಗೆ ಅರ್ಥವಾಯಿತು. ಥೀಮು ಕೆಟ್ಟಿರಲಿಲ್ಲ. ಅದು ಫೋಟೊ ಇದ್ದವರಿಗಾಗಿ ಮಾಡಿದ ಥೀಮು. ಒಂದೊಂದು ಬರಹದ ತಲೆಗೂ ಒಂದು ಫೋಟೊ ಕೊಡಬೇಕು, ಬ್ಲಾಗಿನ ನೆತ್ತಿಗೆ ಅಗಲವಾದದ್ದೊಂದು ಕೊಡಬೇಕು. ನನ್ನ ಬಳಿ ಇರುವುದು ಮಾತು ಮಾತ್ರ. ಕ್ವಾರ್ಟರ್ಸಿನ ಒಂದು ಫೋಟೊ ನಮ್ಮ ಮನೆಯಲ್ಲಿಲ್ಲ. ಅಷ್ಟೇಕೆ, ಅವ್ವನದೇ ಇಲ್ಲ. ಅವ್ವ ಹೋಗಿ ಬಹಳ ದಿನವಾಯಿತು. ಗೋಡೆಯ ಮೇಲೆ ಮಾಲೆ ಹಾಕಿದ ಫೋಟೊ ರೇಷನ್ ಕಾರ್ಡಿಗೆಂದು ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವ್ವ ಕಣ್ಣು ಅಗಲಿಸಿ, ತುಟಿ ಬಿಗಿದು, ಯಾರೋ ಬೈದ ಹಾಗೆ ಕೂತಿದ್ದಾಳೆ. ಅವಳು ಹಾಗಿರಲಿಲ್ಲ. ಹೇಗಿದ್ದಳು ಎಂದು ನನ್ನ ಮಗ ಕೇಳಿದರೆ ಮಾತಿನಲ್ಲಿ ಹೇಳಬೇಕು, ಎಷ್ಟು ಹೇಳಿದರೂ ಅವನ ಕಣ್ಣು ಗೋಡೆಯ ಫೋಟೊದ ಕಡೆಗೇ ಹೋಗುತ್ತದೆ. ಕಸ್ತೂರಿಯ ಅಪ್ಪನ ಪೆಟ್ಟಿಗೆಯಲ್ಲಿ ನಾರಾಯಣಪುರವೆಲ್ಲ ಇದೆ ಎಂದು ನನಗೆ ಗೊತ್ತಿತ್ತು. ಕೇಳಿದರೆ ಅವಳು ಕೊಡುತ್ತಿದ್ದಳು ಎಂದೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಅವಳ ಫೋಟೊ ಹಾಕಿ ಅವಳನ್ನೇ ಗೆಲ್ಲುವುದು ಯಾವ ಗೆಲುವು?

ಪಂಚಮಿ ಹತ್ತಿರ ಬಂತು. ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಮಂಚದ ಮೇಲೆ ಅಡ್ಡಾಗಿ, ರೂಢಿಯಂತೆ ಕಸ್ತೂರಿಯ ಬ್ಲಾಗು ತೆರೆದೆ. ಹುಳಿ ತೇಗು ಬರುತ್ತದೆ ಎಂದು ಗೊತ್ತಿದ್ದೂ ಮಿರ್ಚಿ ಭಜಿ ತಿನ್ನುತ್ತೇವಲ್ಲ, ಅದೇ ಗುಣ. ನೆತ್ತಿಯ ಮೇಲೆ ಅದೇ ಫೋಟೊ. ಗುಲಾಬಿ ಕಾಗದದ ಹೂವಿನ ನಡುವೆ ಕಸ್ತೂರಿ, ಹಳದಿ ಫ್ರಾಕು, ಬಿಳಿ ಝಾಲರು. ಆ ಫ್ರಾಕನ್ನೇ ಹುಡುಕಿ ಹಾಕಿದ್ದಾಳೆ ನೋಡು ಎಂದುಕೊಂಡು ಸಿಟ್ಟಿನಲ್ಲಿ ಮಗ್ಗಲು ಬದಲಿಸಿದೆ. ಕೈಯಲ್ಲಿದ್ದ ಫೋನೂ ನನ್ನ ಜೊತೆ ಅಡ್ಡ ತಿರುಗಿತು. ಪರದೆಯೂ ತಿರುಗಿತು. ಫೋಟೊ ಎರಡೂ ಕಡೆಗೆ ಅಗಲವಾಯಿತು.

ಕಸ್ತೂರಿಯ ಎಡಕ್ಕೆ ಅವರ ಮನೆಯ ಕಿಟಕಿ, ಇಳಕಲ್ ಸೀರೆಯ ಪರದೆ. ಬಲಕ್ಕೆ ಮೆಟ್ಟಿಲು. ಮೆಟ್ಟಿಲ ಮೇಲೆ ಅವ್ವ.

ನಮ್ಮವ್ವ. ಮಡಿಲಲ್ಲಿ ಬಟ್ಟೆ ಮುಚ್ಚಿದ ತಾಟು. ತಲೆ ಹಿಂದಕ್ಕೆ ಬಾಗಿದೆ, ಸೆರಗಿನ ತುದಿ ಬಾಯಿಗೆ ಅಡ್ಡ ಬಂದಿದೆ, ಆದರೂ ನಗು ನಿಂತಿಲ್ಲ. ಕಣ್ಣೆರಡೂ ಪೂರ್ತಿ ಮುಚ್ಚಿಹೋಗಿವೆ. ಈಗಿನ ನನಗಿಂತ ಬಹಳ ಸಣ್ಣವಳು.

ನಾನು ಎದ್ದು ಕೂತೆ. ಫೋನು ನೆಟ್ಟಗಾಯಿತು, ಅವ್ವ ಇಲ್ಲ. ಅಡ್ಡ ಮಾಡಿದೆ, ಅವ್ವ. ಉದ್ದ ಹಿಡಿದಾಗ ಪರದೆ ಕಿರಿದಾಗುತ್ತದೆ, ಅದಕ್ಕೆ ಹೊಂದುವಂತೆ ಥೀಮು ಫೋಟೊದ ಎರಡೂ ಮಗ್ಗಲನ್ನು ಕತ್ತರಿಸಿ ನಡುವಿನದನ್ನಷ್ಟೇ ತೋರಿಸುತ್ತದೆ. ಇಷ್ಟು ತಿಂಗಳು ನಾನು ನಡುವಿನದನ್ನಷ್ಟೇ ನೋಡಿ ಉರಿದಿದ್ದೆ. ಅಳು ಬಂದದ್ದು ಅವ್ವನಿಗಾಗಿಯೋ, ಅವಳು ಅಲ್ಲಿ ಕಸ್ತೂರಿಯ ಬ್ಲಾಗಿನಲ್ಲಿ ಕೂತದ್ದಕ್ಕೋ ಎಂದು ಕೇಳಿದರೆ ಎರಡಕ್ಕೂ ಎನ್ನಬೇಕು. ನಮ್ಮವ್ವನ ನಗುವೂ ಅವಳ ಹತ್ತಿರವೇ ಇರಬೇಕೇ?

ಎಷ್ಟೋ ವರ್ಷಗಳಿಂದ ಹಚ್ಚದ ನಂಬರಿಗೆ ಫೋನು ಹಚ್ಚಿದೆ.

‘ಕಸ್ತೂರಿ, ನಾನು. ಮಾದೇವಿ.’

‘ಗೊತ್ತಾತು ಬಿಡು. ಈಗ ನೆನಪಾತೇನು?’

‘ನಿನ್ನ ಬ್ಲಾಗಿನ ಮ್ಯಾಲಿನ ಫೋಟೊದಾಗ ನಮ್ಮವ್ವ ಅದಾಳ.’



‘ಈಗ ನೋಡಿದ್ಯಾ?’

‘ಈಗ ನೋಡಿದೆ. ಫೋನಿನ್ಯಾಗ ಕಾಣಂಗಿಲ್ಲ ಅದು.’

‘ಹೌದಾ? ನಾ ಕಂಪ್ಯೂಟರಿನ್ಯಾಗ ನೋಡ್ತೀನಿ, ಎಲ್ಲಾರಿಗೂ ಹಂಗೇ ಕಾಣ್ತದ ಅನ್ಕೊಂಡೀನಿ. ಏ ಹುಚ್ಚಿ, ಹಾಕಿದ್ದೇ ಅದಕ್ಕವ್ವಾ! ಅಪ್ಪನ ಪೆಟ್ಟಿಗ್ಯಾಗ ನಿಮ್ಮ ಮನಿ ಮಂದಿ ಇರೋದು ಅದೊಂದೇ. ಮಾದೇವಿ ನೋಡ್ತಾಳ, ಫೋನ್ ಮಾಡ್ತಾಳ ಅಂತ ಹಾದಿ ನೋಡಿದೆ. ಫೋಟೊ ಚಂದ ಅದ ಅಂತ ಊರು ಮಂದಿ ಎಲ್ಲಾ ಬರದ್ರು, ನೀ ಒಬ್ಬಾಕಿ ಒಂದಕ್ಷರ ಬರೀಲಿಲ್ಲ. ನನಗೆಷ್ಟು ಸಿಟ್ಟಿತ್ತು ಗೊತ್ತದೇನು? ಅವ್ವನ ಫೋಟೊ ಹಾಕಿದ್ರೂ ಮಾತಾಡವಲ್ಲಳು, ಏನು ಸೊಕ್ಕು ಈಕಿದು ಅಂತಿದ್ದೆ.’

ಕೇಳಬಾರದಿತ್ತು, ಕೇಳಿದೆ.

‘ಅವ್ವ ಯಾಕ ನಗಾಕತ್ತಾಳ ಅದರಾಗ?’

ಕಸ್ತೂರಿಗೂ ನಗು ಬಂತು. ‘ಹೇಳಲೇನು? ಸಿಟ್ಟಾಗಬ್ಯಾಡ ಮತ್ತ. ನಿಮ್ಮವ್ವ ತಾಟು ತಗೊಂಡು ಬಂದ್ರು. ಮಾದೇವಿ ಎಲ್ಲಿ ಅಂತ ನಮ್ಮವ್ವ ಕೇಳಿದಳು. “ನಿಮ್ಮ ಹುಡುಗಿ ಫ್ರಾಕು ನೋಡಿ ನಮ್ಮಾಕಿ ಜ್ವಾಳದ ಚೀಲದ ಹಿಂದ ಕುಂತಾಳ್ರಿ, ಇಲಿ ಬಂದ್ರೂ ಏಳವಲ್ಲಳು” ಅಂತ ಹೇಳಿ ನಗಾಕ ಹತ್ತಿದ್ರು ನೋಡು, ನಿಂದ್ರಲಾರದಕ್ಕ ಮೆಟ್ಟಿಲ ಮ್ಯಾಲ ಕುಂತುಬಿಟ್ರು. ಅಪ್ಪ ಅವಾಗೇ ಹೊಡದ ಫೋಟೊ.’

ಅಂದರೆ ಇಷ್ಟು ವರ್ಷವೂ ಅವಳಿಗೆ ಗೊತ್ತಿತ್ತು. ಸೆರಗಿನ ಮರೆಯಲ್ಲಿ ಹಿಡಿದು ನೋಡಿದ್ದೆಲ್ಲ ದಂಡವಾಯಿತು. ಅವ್ವ ಅಂದೇ ಅವರ ಅಂಗಳದಲ್ಲಿ ಕೂತು ನನ್ನ ಗುಟ್ಟು ಬಿಟ್ಟುಕೊಟ್ಟಿದ್ದಳು. ಜೊತೆಗೆ ಇನ್ನೊಂದು ಮಾತೂ ಹೊಳೆಯಿತು. ಅವತ್ತು ನಾನು ಬುದ್ಧಿವಂತೆಯಾಗಿ ಎದ್ದು ತಾಟು ಒಯ್ದಿದ್ದರೆ ಆ ಮೆಟ್ಟಿಲ ಮೇಲೆ ನಾನು ನಿಂತಿರುತ್ತಿದ್ದೆ, ಮುಖ ಊದಿಸಿಕೊಂಡು. ಅವ್ವ ಮನೆಯಲ್ಲಿ ಒಲೆಯ ಮುಂದೆ ಇರುತ್ತಿದ್ದಳು. ನಮಗೆ ಉಳಿಯುತ್ತಿದ್ದದ್ದು ಗೋಡೆಯ ಮೇಲಿನ ಆ ರೇಷನ್ ಕಾರ್ಡಿನ ಅವ್ವ ಮಾತ್ರ. ನನ್ನ ಹೊಟ್ಟೆಕಿಚ್ಚಿನಿಂದ ಈ ಜನ್ಮದಲ್ಲಿ ಆದ ಒಳ್ಳೆಯದೆಂದರೆ ಅದೊಂದೇ ಇರಬೇಕು.

ಪಂಚಮಿಗೆ ಮುಂಚೆ ಗುಂಪಿನವರು ತೀರ್ಮಾನ ಹೇಳಿದರು. ಕಸ್ತೂರಿಯ ಬ್ಲಾಗು. ಒಬ್ಬರೂ ಬೇರೆ ಮಾತಾಡಲಿಲ್ಲ, ನಮ್ಮ ಮನೆಯವರನ್ನು ಗುಂಪಿಗೆ ಸೇರಿಸಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು. ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಕಸ್ತೂರಿ ತನ್ನ ಬ್ಲಾಗಿನ ಪಾಸ್‌ವರ್ಡು ಕಳಿಸಿ, ‘ಮೊದಲನೇದು ನೀನೇ ಬರೀ. ನನಗ ನಾಲ್ಕು ಸಾಲಿನ ಮ್ಯಾಲ ಬರಂಗಿಲ್ಲ’ ಎಂದಳು. ಆ ನಾಲ್ಕು ಸಾಲು ಬರೆಯಲು ನನಗೆ ಬರುವುದಿಲ್ಲ ಎಂದು ಅವಳಿಗೆ ಹೇಳಲಿಲ್ಲ. ರೊಟ್ಟಿ ಹಬ್ಬದ ಮೇಲೆ ಬರೆದೆ. ಜೋಳದ ಚೀಲವನ್ನೂ ಬಿಡಲಿಲ್ಲ, ಹೇಗೂ ಊರಿಗೆಲ್ಲ ಗೊತ್ತಿರುವ ಸಂಗತಿ. ಫೋಟೊವನ್ನು ಅವಳು ನನಗೂ ಕಳಿಸಿದಳು. ನನ್ನ ಬೂದು ಚೌಕದ ಮೇಲೆ ಹಾಕಿದೆ. ಅದೇ ಥೀಮಲ್ಲವೇ, ನನ್ನ ಬ್ಲಾಗಿನಲ್ಲೂ ಫೋನು ಉದ್ದ ಹಿಡಿದರೆ ಕಸ್ತೂರಿ ಒಬ್ಬಳೇ ಫ್ರಾಕು ತೊಟ್ಟು ನಿಲ್ಲುತ್ತಾಳೆ. ನನ್ನ ಸ್ವಂತ ಬ್ಲಾಗಿನ ನೆತ್ತಿಯ ಮೇಲೆ! ನ್ಯಾಯ ಎಂಬುದು ಇದ್ದರೆ ಅದು ಥೀಮು ಮಾಡುವವರ ಊರಿನಲ್ಲಂತೂ ಇಲ್ಲ.

ಹಬ್ಬದ ದಿನ ಚಿಗವ್ವನಿಗೆ ಫೋನು ಮಾಡಿ ಕಸ್ತೂರಿಯ ಬ್ಲಾಗು ತೆರೆಯಲು ಹೇಳಿದೆ. ತೆರೆದಳು.

‘ಯಾವುದೋ ಹುಡುಗಿ ಕಾಣ್ತದವ್ವಾ. ಹಳದಿ ಫ್ರಾಕು. ಬೆಕ್ಕು ಇಲ್ಲ.’

‘ಮಾತು ಸ್ಪೀಕರಿಗೆ ಹಾಕು ಚಿಗವ್ವ. ಈಗ ಫೋನು ಅಡ್ಡ ಹಿಡಿ.’

‘ಅಡ್ಡ ಅಂದ್ರ?’

‘ತಾಟು ಹಿಡಿತೀಯಲ್ಲ, ಎರಡೂ ಕೈಲೆ, ಹಂಗ.’

ಹಿಡಿದಳೆಂದು ಕಾಣುತ್ತದೆ. ‘ಅಕ್ಕಾ’ ಎಂದಳು. ನನಗಲ್ಲ. ‘ಯಕ್ಕಾ, ಏನ್ ನಗ್ತೀಯವ್ವಾ ಹಂಗ’ ಎಂದು ಫೋನಿನೊಳಗಿದ್ದವಳ ಜೊತೆ ಮಾತಾಡತೊಡಗಿದಳು. ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡ ಸದ್ದು ಬಂತು.

‘ಮಾದೇವಿ, ಅದೀಯೇನು?’

‘ಅದೀನಿ ಚಿಗವ್ವ.’

‘ಎಷ್ಟು ಛಲೋ ಮಾಡ್ಯಾಳವ್ವಾ ಕಸ್ತೂರಿ! ಮೊದಲಿಂದ ಶಾಣ್ಯಾ ಹುಡುಗಿ ಆಕಿ. ನೀನೂ ಆಕಿ ಕಡಿಂದ ಒಂದೀಟು ಕಲ್ಕೋಬಾರ್ದಾ?’

ಕಲಿಯುತ್ತೇನೆ ಎಂದೆ.